ಬಡಿದು ಕೇಳುವುದು

ಬೆಂಗ್ರೆಗೆ ಫೆರಿಯಲ್ಲಿ ಹೋದೆ,
ತೊಡೆಯ ಮೇಲೆ ಐಸುಪೆಟ್ಟಿಗೆ.
ಪಕ್ಕದ ಹೆಂಗಸು ಕೇಳಿದಳು: ಎಂತ ಮೀನು?
ಮೀನಲ್ಲ ಅಂದೆ. ಇನ್ನೂ ಖಾಲಿ.

ದಡಕ್ಕೆಳೆದ ಬೋಟಿನ ಹೊಟ್ಟೆಯಡಿ
ಇದಿನಬ್ಬ ಅಂಗಾತ ಮಲಗಿದ್ದರು,
ಕೈಯಲ್ಲಿ ಸಣ್ಣ ಸುತ್ತಿಗೆ.
ಟಣ್. ಟಣ್. ಟಣ್. ಡಬ್.
‘ಇಲ್ಲಿ’ ಎಂದು ಸೀಮೆಸುಣ್ಣದಲ್ಲಿ ಒಂದು ಸೊನ್ನೆ ಬರೆದರು.
ಮೇಲೆ ನೀಲಿ ಪೈಂಟು,
ಕ್ಷೌರ ಮುಗಿಸಿ ಬಂದ ಮದುಮಗನ ಗಲ್ಲ.
ಒಳಗೆ ಕಬ್ಬಿಣ, ಚಹಾಕ್ಕೆ ಅದ್ದಿದ ಬಿಸ್ಕೂಟು.

ಮೂವತ್ತೊಂದು ವರ್ಷ ವೆಲ್ಡಿಂಗು.
ತೋಳು ಚಾಚಿದರು; ನರ ಸಿಗಲು ತಡವಾಯಿತು.
‘ಇದರಲ್ಲಿ ಎಂತ ನೋಡುವುದು ನೀವು?’
ತುಕ್ಕು, ಅಂದೆ.
‘ರಕ್ತಕ್ಕೂ ತುಕ್ಕಾ ಮಾರಾಯ್ತಿ!’
ರಕ್ತದೊಳಗೆ ಕಣ, ಕಣದೊಳಗೆ ತಿರುಳು,
ತಿರುಳಲ್ಲಿ ನಾಲ್ಕೇ ಅಕ್ಷರ ಪೋಣಿಸಿದ ಉದ್ದ ನೂಲು.
ಅದರಲ್ಲೊಂದು ಗ.
ಬೆಂಕಿಯ ಹತ್ತಿರ, ಹೊಗೆಯ ಹತ್ತಿರ
ಆ ಗ ಪಕ್ಕದಲ್ಲಿ ಯಾರೂ ಬರೆಯದ ಸೊನ್ನೆಯೊಂದು ಕೂರುತ್ತದೆ,
ಆಮ್ಲಜನಕದ್ದು.
ಓದುವಾಗ ತಪ್ಪುತ್ತದೆ, ಒಮ್ಮೊಮ್ಮೆ.
‘ಅಷ್ಟು ಸಣ್ಣದು ಕಾಣುವುದು ಹೇಗೆ?’
ಕಾಣುವುದಿಲ್ಲ. ನಿಮ್ಮ ಹಾಗೆಯೇ,
ಬಡಿದು ಕೇಳುವುದು.

ದೇರಳಕಟ್ಟೆ, ಎರಡನೇ ಮಹಡಿ, ಕಿಟಕಿಗೆ ಕಪ್ಪು ಕಾಗದ.
ಗಾಜಿನ ಮೇಲೆ ಅವರ ಕಣಗಳನ್ನು ಹರಡಿ
ಆಮ್ಲ ಹನಿಸುತ್ತೇನೆ, ಎರಡೆಳೆ ಹುರಿ ಬಿಚ್ಚಬೇಕು,
ಇಲ್ಲವಾದರೆ ಚಿಲಕ ಹಾಕಿದ ಮನೆಗೆ ನೆಂಟ ಬಂದ ಹಾಗೆ.
ಹುಡುಕುವ ಕೈಯೇ ತುಕ್ಕು ಹಿಡಿಸೀತು
ಎನ್ನುತ್ತಾರೆ ಮೇಡಂ, ದಿನಾ.
ಗಾಳಿ ತಾಗಿದರೆ, ಬೆಳಕು ಸೋಕಿದರೆ
ನಾನು ಮಾಡಿದ್ದನ್ನೇ ಅವರದೆಂದು ಬರೆದೇನು.
ಅದಕ್ಕೇ ಐಸು. ಅದಕ್ಕೇ ಕತ್ತಲೆ.

ಆಮೇಲೆ ಪ್ರತಿಕಾಯ.
ಯಾವುದೋ ಊರಿನ ಯಾವುದೋ ಬಿಳಿ ಇಲಿ
ಜೀವಮಾನದಲ್ಲಿ ಕಲಿತ ಪಾಠ:
ಸೊನ್ನೆ ಇರುವ ಗ ಹಿಡಿ, ಬರೀ ಗ ಬಿಡು.
ಇಲಿ ಈಗಿಲ್ಲ. ಪಾಠ ಉಳಿದಿದೆ,
ಕಿರುಬೆರಳಿನಷ್ಟು ಕೊಳವೆಯಲ್ಲಿ, ಫ್ರೀಜರಿನ ಮೂಲೆಯಲ್ಲಿ.
ರಾತ್ರಿಯಿಡೀ ಅದು ತಡಕುತ್ತದೆ
ಒಂದೊಂದು ತಿರುಳಿನ ಆರುನೂರು ಕೋಟಿ ಅಕ್ಷರ.
ಬೆಳಿಗ್ಗೆ ಮೂರು ಸಲ ತೊಳೆಯುತ್ತೇನೆ:
ಹಿಡಿದದ್ದು ಬಿಡುವುದಿಲ್ಲ,
ಸುಮ್ಮನೆ ಕೂತದ್ದು ಎದ್ದುಹೋಗುತ್ತದೆ.
ಮತ್ತೆ ಆಡಿನ ಪ್ರತಿಕಾಯ ಬರುತ್ತದೆ, ಇಲಿಯ ಗುರುತು ಹಿಡಿದು,
ಬೆನ್ನಿಗೆ ದೀಪ ಕಟ್ಟಿಕೊಂಡು.

ಕಣ್ಣಿಟ್ಟೆ.
ಡಬ್.
ಕೆಲವು ರಾತ್ರಿ ಬಲೆ ಎಳೆವಾಗ
ನೀರು ತಾನಾಗಿ ಹೊತ್ತಿಕೊಳ್ಳುತ್ತದಲ್ಲ,
ಹಾಗೆ, ಹಸಿರು.

ಹೋಲಿಕೆಗೊಬ್ಬರು ಬೇಕಿತ್ತು, ಕಿಡಿ ಹೊಗೆ ಕಾಣದವರು.
ಯಾರೂ ಸಿಗದೆ ನನ್ನದೇ ಎರಡು ಮಿಲಿ ಕೊಟ್ಟಿದ್ದೆ.
ಸ್ಲೈಡು ನಲವತ್ತಮೂರು.
ಅದರಲ್ಲೂ ಹಸಿರು. ಕಡಿಮೆ, ಆದರೆ ಇದೆ.
ಲೆನ್ಸು ಒರೆಸಿದೆ. ಇದೆ.
ಇಲಿಯ ಪಾಠ ತಾಗದ ಸ್ಲೈಡು ನೋಡಿದೆ: ಕಪ್ಪು.
ಅಂದರೆ ಸುಳ್ಳಲ್ಲ.
‘ಎಲ್ಲರಲ್ಲೂ ಇರ್ತದೆ ಪ್ರಫುಲ್ಲಾ,
ಉಸಿರಾಡ್ತೇವಲ್ಲ,’ ಮೇಡಂ ಬಗ್ಗಿ ಹೇಳಿದರು,
‘ಕೆರೆದು ಸರಿಮಾಡುವವರೂ ಒಳಗೇ ಇದ್ದಾರೆ.’
ಆ ಮಧ್ಯಾಹ್ನ ಬುತ್ತಿ ಬಿಚ್ಚುವಾಗ
ಒಂದೊಂದು ಉಸಿರನ್ನೂ ಎಣಿಸಿದೆ,
ಸಾಲಗಾರಳ ಹಾಗೆ.
ಹದಿನೇಳಕ್ಕೆ ಎಣಿಕೆ ತಪ್ಪಿತು, ಮೀನುಸಾರು ಚೆನ್ನಾಗಿತ್ತು.

ಮತ್ತೆ ಬೆಂಗ್ರೆ.
‘ಸಿಕ್ಕಿತಾ ತುಕ್ಕು?’
ಸಿಕ್ಕಿತು, ಅಂದೆ. ರೋಗ ಎಂದಲ್ಲ. ಏನೂ ಇಲ್ಲ ಎಂದೂ ಅಲ್ಲ.
ನನ್ನಲ್ಲೂ ಇದೆ.
ಇದಿನಬ್ಬ ಕಪ್ಪು ಕನ್ನಡಕ ಹಣೆಗೇರಿಸಿದರು.
‘ಸೊನ್ನೆ ಬರೆದಲ್ಲಿ ನಾವು ತಗಡು ಕೊಯ್ದು
ಹೊಸತು ಕೂರಿಸುತ್ತೇವೆ. ನೀವು?’
ನಾವು ಸೊನ್ನೆ ಬರೆಯುವವರು ಮಾತ್ರ.

ಅದಕ್ಕವರು ಏನೂ ಹೇಳಲಿಲ್ಲ,
ಹಲಗೆಯ ಮೇಲೆ ಜಾಗ ಕೊಟ್ಟರು, ಕೂತೆ.
ಟಣ್. ಟಣ್. ಗಾಳಿಯಲ್ಲಿ ಡೀಸೆಲು, ಉಪ್ಪು.
ಟಣ್.
ಮುಂದಿನ ಡಬ್ ನನಗೂ ಕೇಳಿತು,
ಅವರು ಸೀಮೆಸುಣ್ಣಕ್ಕೆ ಕೈ ಹಾಕುವ ಮೊದಲೇ.